ಒಳ್ಳೆಯ ಕರೆಂಟು

"ಇನ್ನೊಂದು ಸೌಟು ಹಾಕಲಾ, ಅತ್ತೆ?" ಎಂದು ನಾನು ಕೇಳಿದೆ.

"ಸಾಕು. ತಿಂಗಳ ಕೊನೆಗೆ ನಾನು ಮಗಳ ಮನೆಗೆ ಹೋಗ್ತೀನಿ. ಅಲ್ಲೇ ಇದ್ದುಬಿಡ್ತೀನಿ" ಎಂದರು ಅತ್ತೆ.

ಎರಡು ಮಾತೂ ಒಂದೇ ದನಿಯಲ್ಲಿ ಬಂದವು. ನನ್ನ ಕೈಯ ಸೌಟು ಸೂಪಿನ ಪಾತ್ರೆಯ ಮೇಲೆ ಹಾಗೇ ನಿಂತಿತು. ಇವರು, ನಮ್ಮ ಯಜಮಾನರು, ಬ್ರೆಡ್ಡಿನ ತುಂಡನ್ನು ತಟ್ಟೆಗಿಟ್ಟರು.

"ಯಾಕಮ್ಮಾ? ಇಲ್ಲೇನು ಕಡಿಮೆಯಾಗಿದೆ ನಿನಗೆ?"

"ಕಡಿಮೆ ಏನಿಲ್ಲ ಕಣೋ, ಎಲ್ಲಾ ಜಾಸ್ತೀನೇ. ಬಟ್ಟೆ ಒಗೆಯೋಕೆ ಮಷೀನು, ನೆಲ ಗುಡಿಸೋಕೆ ಮಷೀನು, ತರಕಾರಿ ಕೂಡ ಹೆಚ್ಚಿಕೊಂಡೇ ಪ್ಯಾಕೆಟ್ಟಲ್ಲಿ ಬರುತ್ತೆ. ನಾನು ಷೋಕೇಸಲ್ಲಿ ಕೂತಿರೋ ಗೊಂಬೆ. ನಿನ್ನ ತಂಗಿ ಮನೇಲಿ ಎರಡು ಚಿಕ್ಕ ಮಕ್ಕಳು. ಬಟ್ಟೆ ರಾಶಿ ಬಿದ್ದಿರುತ್ತೆ."

"ಅಜ್ಜಿ, ನೀನು ಹೋದ್ರೆ ನನ್ನ ಪರವಾಗಿ ಅಮ್ಮನ ಹತ್ರ ಜಗಳ ಆಡೋರ್ಯಾರು?" ಎಂದಳು ಮಗಳು.

"ನಿನ್ನ ಬಾಯಿಗೆ ವಕೀಲರು ಬೇರೆ ಬೇಕಾ? ತಿನ್ನು ಸುಮ್ನೆ."

ಇವರು ಮಾತ್ರ ನಗಲಿಲ್ಲ. "ಸಂಜೆ ಹೊತ್ತು ಮುಂದಿನ ಕೋಣೆಗೆ ಬಂದು ಹಾಡಾದ್ರೂ ಕೇಳ್ಬಾರ್ದಾ? ಅಪ್ಪ ಇದ್ದಾಗ ದಿನಾ ಕೇಳ್ತಿದ್ದೆ."

"ಮೊದಲಿನ ಹಾಗಿಲ್ಲಪ್ಪಾ ಅದು" ಎಂದು ಅತ್ತೆ ಮೇಜಿನ ಬಟ್ಟೆಯ ಮೇಲೆ ಅಂಗೈ ಒತ್ತಿ, ಒಂದು ಸುಕ್ಕನ್ನು ಅಂಚಿನವರೆಗೂ ತಳ್ಳಿಕೊಂಡು ಹೋದರು. ಅದು ಅವರ ಅಭ್ಯಾಸ. ಕರವಸ್ತ್ರ ಸಿಕ್ಕರೆ ಕರವಸ್ತ್ರ, ದಿಂಬಿನ ಚೀಲ ಸಿಕ್ಕರೆ ದಿಂಬಿನ ಚೀಲ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ನಿವೃತ್ತಿಯಾಗುವವರೆಗೂ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದ ಕೈ ಅದು.

ಮೊದಲಿನ ಹಾಗಿಲ್ಲ ಎಂಬ ಮಾತು ಇವರ ಮನಸ್ಸಿಗೆ ನಾಟಿತು. ಇವರದು ಕನ್ನಡಕದ ಅಂಗಡಿ. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತಾ "ಒಂದಾ, ಎರಡಾ? ಯಾವುದು ಸ್ಪಷ್ಟ?" ಎಂದು ಕೇಳುವುದೇ ಕೆಲಸ. ಲೋಕದ ಯಾವ ತೊಂದರೆಗೂ ಎಲ್ಲೋ ಒಂದು ಸರಿಯಾದ ಗಾಜು ಇದ್ದೇ ಇದೆ, ಹುಡುಕಬೇಕಷ್ಟೆ ಎಂದು ಇವರ ನಂಬಿಕೆ. ತಾಯಿಗೆ "ಹೋಗಬೇಡ" ಎಂದು ಹೇಳಲು ಬಾರದ ಮನುಷ್ಯ, ಹಾಡನ್ನು ಮೊದಲಿನ ಹಾಗೆ ಮಾಡಲು ಹೊರಟರು.

ಮುಂದಿನ ಕೋಣೆಯ ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು, ಸ್ಪೀಕರುಗಳು ಬಸ್ ಓಡಿಸುತ್ತಿದ್ದ ಮಾವ ಬಿಟ್ಟುಹೋದವು. ಅವರ ಕಾಲದಲ್ಲಿ ಅದಕ್ಕೆಲ್ಲ ಒಂದೇ ಮರದ ಬೋರ್ಡು. ದೀಪ, ಫ್ಯಾನು, ಪ್ಲೇಯರು, ಅತ್ತೆಯ ಇಸ್ತ್ರಿಪೆಟ್ಟಿಗೆ ಎಲ್ಲ ಅದರಲ್ಲೇ ಕೂಡುಕುಟುಂಬ ಮಾಡಿಕೊಂಡಿದ್ದವು. ಮಾವ ಹೋದ ಮೇಲೆ ಇವರು ಆ ಬೋರ್ಡನ್ನು ಕಿತ್ತು ಹಾಕಿದರು. ಇಸ್ತ್ರಿಪೆಟ್ಟಿಗೆ ಕಾದು ಅದರ ಕರೆಂಟು ತಾನಾಗಿ ನಿಂತಾಗಲೆಲ್ಲ ಸ್ಪೀಕರಿನಲ್ಲಿ ಟಕ್ ಎನ್ನುತ್ತಿತ್ತು, ಆ ಸದ್ದು ಇವರಿಗೆ ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗೆ. ಪೆಟ್ಟಿಗೆ ಅಟ್ಟ ಸೇರಿತು. ಮನೆಗೆ ಸುಕ್ಕಾಗದ ಶರ್ಟುಗಳು ಬಂದವು. "ಅಮ್ಮನಿಗೆ ಈ ವಯಸ್ಸಲ್ಲಿ ನಿಂತು ಇಸ್ತ್ರಿ ಹಾಕೋ ಕಷ್ಟ ತಪ್ಪಿತು" ಎಂದು ಇವರೂ ನಾನೂ ಸಂತೋಷಪಟ್ಟೆವು.

ಮುಂದಿನ ವಾರ ಪಾರ್ಸಲ್ಲು ಬಂತು. ಬಾಗಿಲಲ್ಲಿ ಸಹಿ ಹಾಕಿ ತೆಗೆದುಕೊಂಡವಳು ನಾನು. ಪೆಟ್ಟಿಗೆಯ ಭಾರಕ್ಕೆ ತೋಳು ಕೆಳಗೆ ಜಗ್ಗಿತು. ಸಂಜೆ ಇವರು ಕೈಕಾಲು ಕೂಡ ತೊಳೆಯದೆ ಅದನ್ನು ಬಿಚ್ಚಿದರು. ಒಳಗಿಂದ ನನ್ನ ಹೆಬ್ಬೆರಳಿಗಿಂತ ದಪ್ಪದ, ಕಪ್ಪು ಬಲೆ ಹೊದ್ದ ನಾಲ್ಕು ತಂತಿಗಳು, ಜೊತೆಗೆ ಆರು ಸಾಕೆಟ್ಟಿನ ಒಂದು ಬೆಳ್ಳಿ ಬಣ್ಣದ ಲೋಹದ ಪೆಟ್ಟಿಗೆ ಹೊರಬಂದವು. ಇಟ್ಟಿಗೆಯಷ್ಟು ಉದ್ದ, ಇಟ್ಟಿಗೆಗಿಂತ ತೂಕ.

"ಹೆಬ್ಬಾವು ಸಾಕ್ತೀಯೇನೋ?" ಎಂದರು ಅತ್ತೆ, ಬಾಗಿಲ ಬಳಿಯಿಂದಲೇ.

"ಕರೆಂಟಿನ ತಂತಿ ಅಮ್ಮಾ. ಇದು ಬ್ಲಾಕು. ಗೋಡೆಯಿಂದ ಇದಕ್ಕೆ ಬರುತ್ತೆ, ಇದು ಒಂದೊಂದಕ್ಕೂ ಬೇರೆ ಬೇರೆಯಾಗಿ ಹಂಚುತ್ತೆ. ಗೋಡೆಯಿಂದ ಬರೋ ಕರೆಂಟು ಕೊಳಕಾಗಿರುತ್ತೆ."

"ಕೊಳಕಾ? ಸೋಪು ಹಾಕಿದ್ರೆ ಹೋಗಲ್ವಾ?"

"ರೀ" ಎಂದೆ ನಾನು. "ಅಷ್ಟು ದೂರದಿಂದ, ಕಂಬದ ಮೇಲೆ, ಕಾಗೆ ಕೂತ ತಂತೀಲಿ ಬಂದ ಕರೆಂಟು ಕೊನೇ ಎರಡು ಮಾರಲ್ಲಿ ಸ್ನಾನ ಮಾಡಿ ಮಡಿಯಾಗಿಬಿಡುತ್ತಾ?"

"ನಿನಗೆ ಅರ್ಥವಾಗಲ್ಲ."

"ನನಗೆ ಅರ್ಥವಾಗೋದು ಒಂದೇ. ಓವನ್ನಿನ ಬಾಗಿಲು ಹಳೇ ಲಂಗದ ದಾರದಲ್ಲಿ ಕಟ್ಟಿಕೊಂಡು ನಿಂತಿದೆ. ಅದನ್ನ ಸರಿ ಮಾಡಿಸೋ ದುಡ್ಡು ಎಲ್ಲಿಗೆ ಹೋಯ್ತು ಅಂತ ಈಗ ಗೊತ್ತಾಯ್ತು."

"ದಾರದಲ್ಲಿ ಕಟ್ಟಿದ್ರೂ ಕೇಕು ಉಬ್ಬುತ್ತಲ್ಲ!"

"ಹಳೇ ತಂತೀಲೂ ಹಾಡು ಬರ್ತಿತ್ತಲ್ಲ!"

ಮಗಳು ಎರಡು ಸಾಲೂ ಕೇಳಿ ಚಪ್ಪಾಳೆ ತಟ್ಟಿದಳು. "ಅಮ್ಮ ಒಂದು, ಅಪ್ಪ ಸೊನ್ನೆ."

ನಾನು ಸಿಟ್ಟಿನಲ್ಲೇ ಅಡುಗೆಮನೆಗೆ ಹೋದೆ. ಆದರೆ ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಇವರು ನೆಲದ ಮೇಲೆ ಮಂಡಿಯೂರಿ, ಬಾಗಲು ಒಪ್ಪದ ತಂತಿಯ ಜೊತೆ ಗುದ್ದಾಡುತ್ತಿದ್ದರು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಹಣೆಯ ಮೇಲೆ ಬೆವರು. ನಡುನಡುವೆ ತಲೆಯೆತ್ತಿ, ಅಮ್ಮ ಬಾಗಿಲಲ್ಲಿ ಇನ್ನೂ ಇದ್ದಾರೆಯೇ ಎಂದು ನೋಡುತ್ತಿದ್ದರು. ಅತ್ತೆ ಆಗಲೇ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಆ ದಿನದಿಂದ ನಮ್ಮ ಮನೆಯಲ್ಲಿ "ಒಳ್ಳೆಯ ಕರೆಂಟು" ಎಂಬ ಪದಾರ್ಥ ಹುಟ್ಟಿತು. ಮಗಳು ಫೋನನ್ನು ಬ್ಲಾಕಿಗೆ ಚುಚ್ಚಿ, "ಅಪ್ಪಾ, ಒಳ್ಳೆ ಕರೆಂಟು ಕುಡಿದು ಫೋನು ಬುದ್ಧಿವಂತ ಆಗಿದೆ, ನನ್ನ ಮಾರ್ಕ್ಸೂ ಜಾಸ್ತಿ ಬರುತ್ತೆ" ಎಂದಳು. ಮಿಕ್ಸಿಯನ್ನು ಎತ್ತಿಕೊಂಡು ಬಂದು "ಚಟ್ನಿ ನುಣ್ಣಗಾಗುತ್ತಾ ನೋಡ್ಲಾ?" ಎಂದು ನಾನೂ ಒಮ್ಮೆ ಕೇಳಿದೆ. ಇವರು ಅಂಗಡಿಯಲ್ಲಿ ಬೆಲೆ ಬರೆಯುವ ಅಂಟುಚೀಟಿ ತಂದು, ಸಣ್ಣ ಅಕ್ಷರದಲ್ಲಿ "ಸಂಗೀತಕ್ಕೆ ಮಾತ್ರ" ಎಂದು ಬರೆದು ಬ್ಲಾಕಿನ ನೆತ್ತಿಗೆ ಅಂಟಿಸಿದರು.

ಇನ್ನೊಂದು ಹೊಸ ಕಾಟವೂ ಶುರುವಾಯಿತು. ಹೊಸ ತಂತಿ ಪಳಗಬೇಕಂತೆ. ಹೊಸ ಚಪ್ಪಲಿ ಕಾಲಿಗೆ ಹೊಂದುವ ಹಾಗೆ, ಅದರಲ್ಲಿ ಕರೆಂಟು ಹರಿದೂ ಹರಿದೂ ಹೊಂದಿಕೊಳ್ಳಬೇಕಂತೆ. ಅದಕ್ಕಾಗಿ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹಾಡು ಹಾಕಿ ಹೋಗುವರು. ರೆಕಾರ್ಡು ತಿರುವಿ ಹಾಕಲು ಯಾರಿರುತ್ತಾರೆ ಎಂದು, ಫೋನಿನಲ್ಲಿದ್ದ ಮಾವನ ಕಾಲದ ಹಾಡುಗಳನ್ನೇ ಆಂಪ್ಲಿಫೈಯರಿಗೆ ಜೋಡಿಸಿ, ಹಳೆಯ ಫೋನೊಂದನ್ನು ಅದಕ್ಕೇ ಮೀಸಲಿಟ್ಟರು. ಹಾಡುಗಳು ಖಾಲಿ ಕುರ್ಚಿಗಳಿಗೆ ದಿನವಿಡೀ ಕೇಳಿಸುತ್ತಿದ್ದವು.

"ಯಾರಿಗೆ ಹಾಡ್ತಿದೆ ಅದು?" ಎಂದು ಅತ್ತೆ ಕೇಳಿದರು.

"ತಂತಿಗೆ" ಎಂದೆ.

"ಪಾಪ, ಅದಕ್ಕಾದ್ರೂ ಬೇಜಾರಿಲ್ಲ" ಎಂದು ಅವರು ಸೂಟ್‌ಕೇಸನ್ನು ಮಂಚದ ಅಡಿಯಿಂದ ಎಳೆದು ಧೂಳು ಒರೆಸಿದರು. ಅಲ್ಲಿಯವರೆಗೂ ಅವರು ಹೋಗುತ್ತಾರೆ ಎನ್ನುವುದನ್ನು ನಾನು ಪೂರ್ತಿ ನಂಬಿರಲಿಲ್ಲ. ನಾದಿನಿಯೂ ಫೋನಿನಲ್ಲಿ, "ಅತ್ತಿಗೆ, ಅಮ್ಮನ ಮಂಚ ಕಿಟಕಿ ಪಕ್ಕ ಹಾಕಿಸ್ತೀನಿ, ಅಣ್ಣನಿಗೆ ಹೇಳಿ ಮುಖ ಸಪ್ಪೆ ಮಾಡ್ಕೋಬೇಡ ಅಂತ" ಎಂದಿದ್ದಳು. ಅವಳ ದನಿಯಲ್ಲಿ ನಿಜವಾದ ಸಂತೋಷವಿತ್ತು. ಬೇಡ ಎನ್ನಲು ನಾನ್ಯಾರು?

ತಂತಿ ಪಳಗಿತು ಎಂದು ಇವರು ಘೋಷಿಸಿದ್ದು ಒಂದು ಭಾನುವಾರ. ಸಂಜೆ ಕಾಫಿಯ ಮೇಲೆ ಎಲ್ಲರನ್ನೂ ಮುಂದಿನ ಕೋಣೆಗೆ ಕರೆದರು. ಪ್ಲೇಯರಿನ ಮುಂದೆ ಹಾಸಿಗೆ ಬಟ್ಟೆಯೊಂದನ್ನು ಅಡ್ಡ ಕಟ್ಟಿದ್ದರು, ನಾಟಕದ ಪರದೆಯ ಹಾಗೆ. ಅತ್ತೆಯನ್ನು ಮಾವನ ಕುರ್ಚಿಯಲ್ಲಿ ಕೂರಿಸಿದರು. ಅವರು ಕುರ್ಚಿಯ ಅಂಚಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂತರು. ಕೈಗಳು ಮಡಿಲಲ್ಲಿ ಸೆರಗನ್ನು ಮಡಚಿ ಬಿಚ್ಚಿ ಮಾಡುತ್ತಿದ್ದವು.

"ಅಮ್ಮಾ, ಒಂದೇ ಹಾಡನ್ನ ಎರಡು ಸಲ ಹಾಕ್ತೀನಿ. ಒಂದು ಸಲ ಹಳೇ ತಂತಿ, ಒಂದು ಸಲ ಹೊಸದು. ಯಾವುದು ಯಾವಾಗ ಅಂತ ಹೇಳಲ್ಲ. ಯಾವುದು ಚೆನ್ನಾಗಿದೆ ಅಂತ ನೀನು ಹೇಳು. ಸಂಕೋಚ ಬೇಡ."

"ನನ್ನ ಹತ್ರ ಸಂಕೋಚ ಯಾವತ್ತಿತ್ತು?"

ಹಾಡು ಬಂತು. ನಿಂತಿತು. ಪರದೆಯ ಹಿಂದೆ ಗೊರಗೊರ ಸದ್ದು, ಒಂದು ಸಣ್ಣ ಬೈಗುಳ. ಮತ್ತೆ ಅದೇ ಹಾಡು. ಇವರು ಪರದೆಯ ಮೇಲಿಂದ ತಲೆ ಹೊರಹಾಕಿದರು.

"ಒಂದಾ, ಎರಡಾ?"

ಅತ್ತೆ ಮಗನ ಮುಖವನ್ನೇ ನೋಡಿದರು. "ಎರಡು."

"ನೋಡಿದ್ಯಾ!" ಎಂದು ಇವರು ನನ್ನತ್ತ ತಿರುಗಿದರು. ಹೊಸ ತಂತಿಯೇ ಎರಡನೆಯದಾಗಿತ್ತು. ಇನ್ನೊಮ್ಮೆ ಮಾಡಿದರು. "ಎರಡು" ಎಂದರು ಅತ್ತೆ. ಮತ್ತೊಮ್ಮೆ. "ಎರಡು. ಎಷ್ಟು ನೀಟಾಗಿ ಕೇಳುತ್ತೆ!" ಇವರ ಸಂಭ್ರಮ ಹೇಳತೀರದು. ಹೊಸದನ್ನು ಪ್ರತಿ ಸಲವೂ ಕೊನೆಗೇ ಹಾಕುತ್ತಿದ್ದರು ಎಂಬುದು ಅವರಿಗೇ ಹೊಳೆದಿರಲಿಲ್ಲ. ಒಳ್ಳೆಯ ಗಾಜನ್ನು ಕೊನೆಗೆ ತೋರಿಸಿ ಗಿರಾಕಿಯನ್ನು ಖುಷಿಯಿಂದ ಕಳಿಸುವ ಅಭ್ಯಾಸ, ಮನೆಯಲ್ಲೂ ಕೈ ಬಿಡಲಿಲ್ಲ.

ಮಗಳಿಗೆ ಹೊಳೆಯಿತು. ಶನಿವಾರಗಳಲ್ಲಿ ಅವಳೂ ಅಂಗಡಿಯಲ್ಲಿ ಕೂರುತ್ತಾಳೆ. "ಅಪ್ಪಾ, ನೀನು ಬಂದು ಅಜ್ಜಿ ಪಕ್ಕ ಕೂತ್ಕೋ. ಈ ಸಲ ನಾನು ಬದಲಾಯಿಸ್ತೀನಿ."

ಅವಳು ಪರದೆಯ ಹಿಂದೆ ಹೋದಳು. ಹಾಡು ಬಂತು. ನಿಂತಿತು. ಒಂದಷ್ಟು ಹೊತ್ತು ಗಡಗಡ ಮಾಡಿದಳು. ಮತ್ತೆ ಹಾಡು.

"ಒಂದಾ, ಎರಡಾ ಅಜ್ಜಿ?"

ಅತ್ತೆ ಪಕ್ಕಕ್ಕೆ ತಿರುಗಿ ಮಗನ ಮುಖ ನೋಡಿದರು. ಅಲ್ಲಿ ಏನೂ ಸಿಗಲಿಲ್ಲ. ಆದರೂ ಧೈರ್ಯವಾಗಿ, "ಎರಡು" ಎಂದರು. "ಮೊದಲನೇದು ಸ್ವಲ್ಪ ಮಂಕು."

ಮಗಳು ಹೊರಬಂದು ತಂದೆಯನ್ನೇ ನೋಡುತ್ತಾ ನಿಂತಳು. ಇವರು ಎದ್ದುಹೋಗಿ ಪರದೆ ಸರಿಸಿದರು. ಇವರು ಕೊನೆಗೆ ಚುಚ್ಚಿದ್ದ ಹೊಸ ತಂತಿಯೇ ಹಾಗೇ ಇತ್ತು. ಯಾವುದನ್ನೂ ಬದಲಿಸಿಯೇ ಇರಲಿಲ್ಲ. ಗಿರಾಕಿ ನಿಜವಾಗಿ ನೋಡುತ್ತಿದ್ದಾನೋ, ಸುಮ್ಮನೆ ತಲೆಯಾಡಿಸುತ್ತಿದ್ದಾನೋ ಎಂದು ತಿಳಿಯಲು ಒಂದೇ ಗಾಜನ್ನು ಎರಡು ಸಲ ತೋರಿಸುವುದು ಇವರೇ ಮಗಳಿಗೆ ಕಲಿಸಿದ ವಿದ್ಯೆ.

"ಅಮ್ಮಾ" ಎಂದರು ಇವರು, "ಎರಡೂ ಒಂದೇ ಆಗಿತ್ತು."

"ಹೌದಾ?" ಅತ್ತೆಯ ಮುಖದಲ್ಲಿ ಚೂರೂ ನಾಚಿಕೆಯಿರಲಿಲ್ಲ. "ಎರಡು ಅಂದಾಗ ನಿನ್ನ ಮುಖ ಮೊರದಗಲ ಅರಳ್ತಿತ್ತು ಕಣೋ. ಒಂದು ಅಂದು ನಾನ್ಯಾಕೆ ಪಾಪ ಕಟ್ಟಿಕೊಳ್ಳಲಿ?"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ತಡೆಯಲಿಲ್ಲ. ಕೊನೆಗೆ ಇವರೂ ನಕ್ಕರು. ಆದರೆ ನಗುತ್ತಲೇ ಕೇಳಿದರು: "ಮತ್ತೆ ಮೊದಲಿನ ಹಾಗಿಲ್ಲ ಅಂದ್ಯಲ್ಲ, ಏನಿಲ್ಲ ಅದರಲ್ಲಿ?"

"ನನಗೇನು ಗೊತ್ತಪ್ಪಾ? ಹಾಡು ಅದೇ. ದನಿ ಅದೇ. ಆದ್ರೂ ಕೂತ್ರೆ ಕಿವಿಗೆ ಹೋಗಲ್ಲ. ಬಿಡು, ವಯಸ್ಸಾಯ್ತು." ಅವರು ಎದ್ದು, ಪರದೆಯಾಗಿದ್ದ ಬಟ್ಟೆಯನ್ನು ಬಿಚ್ಚಿ, ಮೂಲೆಗೆ ಮೂಲೆ ಕೂಡಿಸಿ, ಎದೆಗೊತ್ತಿ ಮಡಚಿಕೊಂಡು ಒಳಗೆ ಹೋದರು. "ಎಷ್ಟು ಮುದ್ದೆ ಮಾಡಿದ್ದಾನೆ ನೋಡು" ಎಂದು ಗೊಣಗುತ್ತಿದ್ದರು.

ಅವತ್ತು ಊಟಕ್ಕೆ ಕೂತಾಗ ಇವರು, "ತಂತಿ ವಾಪಸು ಕಳಿಸಿದ್ರೆ ತಗೋತಾರೇನೋ" ಎಂದರು. ಗೆದ್ದವಳು ನಾನು. ಆದರೂ ಓವನ್ನಿನ ಬಾಗಿಲಿನ ದಾರ ಬಿಚ್ಚುವಾಗ ಗೆದ್ದ ಹಾಗೆನಿಸಲಿಲ್ಲ. "ಇರಲಿ ಬಿಡಿ, ಇನ್ನೊಂದು ವಾರ ನೋಡಿ" ಎಂದುಬಿಟ್ಟೆ. ಇವರು ನನ್ನನ್ನು ಹೊಸಬಳ ಹಾಗೆ ನೋಡಿದರು.

ತಿಂಗಳು ಮುಗಿಯುತ್ತಾ ಬಂತು. ಅತ್ತೆಯ ಸೂಟ್‌ಕೇಸು ಮಂಚದ ಮೇಲೆ ಬಾಯಿ ತೆರೆದು ಕೂತಿತು. ಒಂದು ಮಧ್ಯಾಹ್ನ, ನಾನು ಪ್ರೂಫ್ ತಿದ್ದುವ ಪ್ರೆಸ್ಸಿನಲ್ಲಿ ಕೆಲಸ ಬೇಗ ಮುಗಿದು, ತರಕಾರಿ ಚೀಲ ಹೊತ್ತು ಮನೆಗೆ ಬಂದೆ. ಹಾಡು ಎಂದಿನಂತೆ ನಡೆದಿತ್ತು. ಚಪ್ಪಲಿ ಬಿಡುವಾಗ ಸ್ಪೀಕರಿನಿಂದ ಒಂದು ಸದ್ದು ಕೇಳಿಸಿತು. ಟಕ್.

ತಂತಿ ಸುಟ್ಟಿತೇ? ಇವರ ಬ್ಲಾಕು ಹೋಯಿತೇ? ಮೂಗರಳಿಸಿದೆ. ಸುಟ್ಟ ವಾಸನೆಯಲ್ಲ. ಬಿಸಿ ಹತ್ತಿಯ, ಆವಿಯ ವಾಸನೆ.

ಬಾಗಿಲಿನಿಂದ ಇಣುಕಿದೆ. ಅತ್ತೆ ಅಟ್ಟದಿಂದ ಇಸ್ತ್ರಿಪೆಟ್ಟಿಗೆ ಇಳಿಸಿಕೊಂಡಿದ್ದರು. ಹೋಟೆಲಿನವರು ನಿವೃತ್ತಿಯ ದಿನ ಕೊಟ್ಟ, ಕಬ್ಬಿಣದಷ್ಟೇ ಭಾರದ ಹಳೆಯ ಪೆಟ್ಟಿಗೆ. ಅದರ ದಪ್ಪ ಮೂರು ಕಡ್ಡಿಯ ಪ್ಲಗ್ಗು ಅವರ ಕೋಣೆಯ ಸಣ್ಣ ಸಾಕೆಟ್ಟಿಗೆ ಹೋಗುವುದಿಲ್ಲ. ಮಷೀನುಗಳು ಹಿಡಿದಿಟ್ಟ ತೂತು ಬಿಟ್ಟರೆ, ಮನೆಯಲ್ಲಿ ಅದು ಹೋಗುವ ತೂತು ಇದ್ದದ್ದು ಇಲ್ಲಿ, ಬ್ಲಾಕಿನಲ್ಲಿ. "ಸಂಗೀತಕ್ಕೆ ಮಾತ್ರ" ಎಂಬ ಅಂಟುಚೀಟಿಯ ಪಕ್ಕದಲ್ಲೇ ಅದು ಕೂತಿತ್ತು. ಕನ್ನಡಕದ ಅಂಗಡಿಯವನ ತಾಯಿಗೆ ಹತ್ತಿರದ ಅಕ್ಷರ ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಊರಿಗೆ ಒಯ್ಯುವ ಸೀರೆಗಳಿಗೆಂದು ಶುರು ಮಾಡಿದ್ದರು, ಖಂಡಿತ. ಅವೆಲ್ಲ ಮಡಿಕೆಯಾಗಿ ಕುರ್ಚಿಯ ಮೇಲಿದ್ದವು. ಅವುಗಳ ಮೇಲೆ ಮಗಳ ಕಾಲೇಜಿನ ಕುರ್ತಾಗಳು, ನನ್ನ ರವಿಕೆಗಳು, ಅಡುಗೆಮನೆಯ ಕೈಒರೆಸು ಬಟ್ಟೆಗಳು ಕೂಡ. ಈಗ ಮೇಜಿನ ಮೇಲೆ ಹಾಸಿಗೆ ಬಟ್ಟೆ, ಇವರು ಪರದೆ ಕಟ್ಟಿದ್ದದ್ದೇ. ಬಟ್ಟಲಿನ ನೀರನ್ನು ಬೆರಳಲ್ಲಿ ಚಿಮುಕಿಸುವುದು, ಪೆಟ್ಟಿಗೆ ಇಡುವುದು, ಅಂಚಿನವರೆಗೂ ಒಂದೇ ಓಟ. ಟಕ್ ಎಂದಾಗ ಅತ್ತೆ ಒಂದು ಕ್ಷಣ ಪೆಟ್ಟಿಗೆ ಎತ್ತಿ ನಿಲ್ಲಿಸಿ, ಹಾಡಿನ ಸಾಲು ಮುಗಿಯುವವರೆಗೆ ತಲೆ ವಾಲಿಸಿ, ಮತ್ತೆ ಒತ್ತುತ್ತಿದ್ದರು. ಸಣ್ಣಗೆ ತಾವೂ ಹಾಡುತ್ತಿದ್ದರು.

ನಾನು ಒಳಗೆ ಹೋಗಲಿಲ್ಲ. ಚೀಲ ಕೆಳಗಿಟ್ಟು ಪಡಸಾಲೆಯ ಸ್ಟೂಲಿನ ಮೇಲೆ ಕೂತು, ಸದ್ದು ಮಾಡದೆ ಬಟಾಣಿ ಸುಲಿದೆ.

ಇವರು ಬಂದಾಗಲೂ ಅತ್ತೆ ನಿಲ್ಲಿಸಿರಲಿಲ್ಲ. ಕಿಟಕಿಯ ಪರದೆಗಳನ್ನು ಇಳಿಸಿ ಅವಕ್ಕೆ ಕೈಹಾಕಿದ್ದರು. ಗೇಟಿನಲ್ಲೇ ಇವರ ಕಿವಿಗೆ ಟಕ್ ಬಿತ್ತು. ಓಡಿಬಂದರು.

"ಯಾರದು! ಬ್ಲಾಕಿಗೆ ಯಾರು..."

ನಾನು ಎದ್ದು ತೋಳು ಹಿಡಿದೆ. "ಶ್! ಸ್ವಲ್ಪ ನೋಡಿ."

ಇವರು ನೋಡಿದರು. ನೋಡುತ್ತಾ ನೋಡುತ್ತಾ ಹೆಗಲಿನ ಬ್ಯಾಗು ತಾನಾಗಿ ಕೆಳಗೆ ಜಾರಿತು. ಅತ್ತೆಗೆ ಸದ್ದು ಕೇಳಿಸಿತು. ತಿರುಗಲಿಲ್ಲ.

"ಬಂದ್ಯಾ? ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡು. ಆವಿ ಸದ್ದಿಗೆ ಪದ ಕೇಳಿಸ್ತಿಲ್ಲ."

ಇವರು ಹೋಗಿ ಗುಂಡಿ ತಿರುಗಿಸಿದರು. ಟಕ್ ಎಂದಿತು. ಹಲ್ಲು ಕಚ್ಚಿಕೊಂಡು, ನಿಧಾನವಾಗಿ ಮಾವನ ಕುರ್ಚಿಯಲ್ಲಿ ಕೂತರು. ಮಗಳೂ ಕಾಲೇಜಿನಿಂದ ಬಂದವಳು, ಬಾಗಿಲಲ್ಲೇ ಬಾಯಿ ತೆರೆದು ನಿಂತಳು. "ಅಜ್ಜಿ! ಒಳ್ಳೆ ಕರೆಂಟಲ್ಲಿ ಇಸ್ತ್ರಿ!"

"ಹೌದು ಕಣೇ, ನಿನ್ನಪ್ಪ ಸುಳ್ಳು ಹೇಳಲಿಲ್ಲ. ಸುಕ್ಕು ತಕ್ಷಣ ಹೋಗುತ್ತೆ."

ಆಗಲೇ ನಾದಿನಿಯ ಫೋನು ಬಂತು. ನಾನು ಅದನ್ನು ಅತ್ತೆಯ ಕಿವಿಗೆ ಹಿಡಿದೆ, ಅವರ ಕೈ ಖಾಲಿಯಿರಲಿಲ್ಲ.

"ಬರ್ತೀನಿ ಕಣೇ, ಬರ್ತೀನಿ. ಈ ಭಾನುವಾರ ಎಲ್ಲಿ ಆಗುತ್ತೆ? ಪರದೆ ಅರ್ಧ ಆಗಿದೆ. ದಿಂಬಿನ ಚೀಲ ಮುಟ್ಟೇ ಇಲ್ಲ. ಇವನ ಶರ್ಟುಗಳು ಬೇರೆ... ಸುಕ್ಕಾಗಲ್ಲ ಅಂತಾರೆ, ನೋಡಿದ್ರೆ ಗೊತ್ತಾಗುತ್ತೆ. ಹಾಗೇ ಹಾಕ್ಕೊಂಡ ಬಟ್ಟೆಗೂ ಒತ್ತಿದ ಬಟ್ಟೆಗೂ ವ್ಯತ್ಯಾಸ ಇಲ್ವಾ? ಮಕ್ಕಳನ್ನ ಕರ್ಕೊಂಡು ನೀನೇ ಬಾ, ನಾಲ್ಕು ದಿನ ಇದ್ದು ಹೋಗು. ಬರುವಾಗ ಬಟ್ಟೆ ರಾಶಿನೂ ತಾ."

ಆ ಕಡೆಯಿಂದ ನಾದಿನಿ ಏನೋ ಹೇಳಿ ನಕ್ಕಳು. ಮಂಚ ಕಿಟಕಿಯ ಪಕ್ಕ ಹಾಕಿಸಿಯಾಗಿತ್ತೋ ಏನೋ. ಫೋನು ಇಟ್ಟ ಮೇಲೆ ನಾನು ಇವರ ಮುಖ ನೋಡಿದೆ. ಇವರು ನನ್ನತ್ತ ನೋಡಲಿಲ್ಲ. ಎದ್ದು, ಬ್ಲಾಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಎಳೆದರು.

"ಏಯ್, ಯಾಕೋ ತೆಗೆದೆ?"

"ಒಂದೇ ನಿಮಿಷ ಅಮ್ಮಾ. ಕೇಳು."

ಟಕ್ಕಿಲ್ಲದ ಹಾಡು ಹರಿಯಿತು. ದಪ್ಪ ತಂತಿಗಳು, ಭಾರದ ಬ್ಲಾಕು, ಪಳಗಿದ ಕರೆಂಟು. ನನಗೂ ಅದು ಚೆನ್ನಾಗಿಯೇ ಕೇಳಿಸಿತು, ಯಾಕೆ ಸುಳ್ಳು ಹೇಳಲಿ.

"ಇಷ್ಟು ಹೊತ್ತು ಟಕ್ ಅಂತಿದ್ದದ್ದು ಒಂದು" ಎಂದರು ಇವರು. "ಈಗ ಕೇಳ್ತಿರೋದು ಎರಡು. ಒಂದಾ, ಎರಡಾ?"

ಅತ್ತೆ ಈ ಸಲ ಮಗನ ಮುಖ ನೋಡಲಿಲ್ಲ. ಅವರ ಕಣ್ಣು ಪರದೆಯ ಮೇಲಿನ ಕೊನೆಯ ಸುಕ್ಕಿನ ಮೇಲಿತ್ತು.

"ಒಂದು" ಎಂದರು. "ಬೇಗ ಚುಚ್ಚು, ಪೆಟ್ಟಿಗೆ ಆರುತ್ತೆ."